ನಂಬಿ ಬಂದ ಜೀವ



ಮಗಳ ಹಟಕ್ಕೆ ಮಣಿದು ಕೆಂಡಲ್ ಪಾರ್ಕಿನ ನಮ್ಮ ಮನೆಗೆ ಶೆಲ್ಟರಿನಿಂದ ಒಂದು ಅನಾಥ ನಾಯಿಯನ್ನು ತಂದೆವು. ಬೇಸಿಗೆ ರಜೆಗೆ ಊರಿಗೆ ಹೊರಡುವಾಗ ಅದನ್ನು ನೋಡಿಕೊಳ್ಳುವವರು ಸಿಗಲಿಲ್ಲ. "ಶೆಲ್ಟರಿಗೇ ವಾಪಸ್ ಬಿಡೋಣ" ಎಂದೆ. ಮಗಳು ಕೇಳಿದಳು: "ಅಪ್ಪಾ, ಧರ್ಮರಾಯ ನಾಯೀನ ಬಿಟ್ಟನಾ?"

ಆ ಕಥೆ ಹೇಳಿಕೊಟ್ಟವನು ನಾನೇ! ಮಹಾಪ್ರಸ್ಥಾನದಲ್ಲಿ ದ್ರೌಪದಿಯೂ ತಮ್ಮಂದಿರೂ ಒಬ್ಬೊಬ್ಬರಾಗಿ ಬಿದ್ದರು. ಕೊನೆಯವರೆಗೆ ಜೊತೆಗೆ ಬಂದದ್ದು ಒಂದು ನಾಯಿ. ನಾಯಿಗೆ ಸ್ವರ್ಗದಲ್ಲಿ ಸ್ಥಳವಿಲ್ಲವೆಂದು ಇಂದ್ರನು ಹೇಳಿದಾಗ, ನಂಬಿದವರನ್ನು ಬಿಟ್ಟು ಬರುವ ಸ್ವರ್ಗವೇ ತನಗೆ ಬೇಡವೆಂದನು ಧರ್ಮರಾಯ. ನಾಯಿಯ ರೂಪದಲ್ಲಿದ್ದವನು ಸಾಕ್ಷಾತ್ ಧರ್ಮದೇವತೆ.

ಇದು ಬರೀ ಪುರಾಣವಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸುಮಾರು ಕ್ರಿ.ಶ. 950ರ ವೀರಗಲ್ಲೊಂದು ಸಿಕ್ಕಿದೆ. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರನು ಗಂಗರ ದೊರೆ ಬೂತುಗನಲ್ಲಿ ಬೇಡಿದ ಬಹುಮಾನ 'ಕಾಳಿ' ಎಂಬ ನಾಯಿ. ಅದು ಕಾಡುಹಂದಿಯೊಡನೆ ಹೋರಾಡಿ ಸತ್ತಾಗ, ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ ಭೂಮಿ ಬಿಡಲಾಯಿತು. ಅರ್ಚಕನು ಆ ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಬಾರದೆಂದು ಶಾಸನವೇ ಹೇಳುತ್ತದೆ.

ಆ ವರ್ಷ ಹೆಂಡತಿ, ಮಗಳು ಊರಿಗೆ ಹೋದರು, ನಾನು ಉಳಿದೆ. ಅಮ್ಮನಿಗೆ ಫೋನಿನಲ್ಲಿ ಕಾರಣ ಹೇಳಲು ನಾಚಿಕೆಯಾಯಿತು. ಅವರು ಒಂದೇ ಮಾತು ಹೇಳಿದರು: "ಅನ್ನ ಹಾಕಿದ ಕೈ ಆಚೆಗೆ ತಳ್ಳಬಾರದಪ್ಪ."

ನಾಯಿ ತರುವ ಮೊದಲು, ನಾವು ಊರಿಗೆ ಹೋದಾಗ ಅದರ ಗತಿಯೇನೆಂದು ಮನೆಮಂದಿಯೆಲ್ಲ ಕೂತು ಯೋಚಿಸೋಣ. ತಂದ ಮೇಲೆ ಮಾತ್ರ ಕೈಬಿಡುವುದು ಬೇಡ. ಭಗವಂತನು ನಮ್ಮನ್ನು ಕೈಬಿಡದಿರಲಿ ಎಂದು ದಿನವೂ ಬೇಡುವವರಲ್ಲವೇ ನಾವು?

ಶುಭಮಸ್ತು.