ಕೀಲಿಕೈ ಹಿಡಿದವನ ಲೆಕ್ಕ

ಊರಿಗೆ ಬಂದು ಕೂತ ಮೇಲೆ ನನ್ನನ್ನು ಹೆಚ್ಚಿನವರು ಕೇಳುವುದು ಒಂದೇ ಪ್ರಶ್ನೆ: "ಬೆಂಗಳೂರಿನಲ್ಲಿ ನೀವು ಎಂತ ಕೆಲಸ ಮಾಡಿಕೊಂಡಿದ್ದದ್ದು ಮಾರಾಯ್ರೆ?" ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ಎಂದರೆ ಮರುದಿನ ಯಾರಾದರೊಬ್ಬರು ಹಾಳಾದ ಪ್ರಿಂಟರ್ ಹಿಡಿದುಕೊಂಡು ಅಂಗಳಕ್ಕೆ ಬರುತ್ತಾರೆ. ಪ್ರಿಂಟರ್ ರಿಪೇರಿ ನನಗೆ ಬರುವುದಿಲ್ಲ. ನಾನು ಮಾಡುತ್ತಿದ್ದದ್ದು ಬೇರೆ ಕೆಲಸ. ಅದರಲ್ಲಿ ಒಂದು ತಪ್ಪು ಮಾಡಿದೆ. ಆ ತಪ್ಪಿನಿಂದ ಹುಟ್ಟಿದ ಪ್ರಶ್ನೆ ಇನ್ನೂ ನನ್ನನ್ನು ಬಿಟ್ಟಿಲ್ಲ. ಯಾರಿಗೂ ಗೊತ್ತಾಗದ ತಪ್ಪನ್ನು, ಅದೂ ನಿಯಮದ ಪ್ರಕಾರವೇ ನಡೆದುಹೋದ ತಪ್ಪನ್ನು, ಮಾಡಿದವನೇ ಬಾಯಿಬಿಟ್ಟು ಹೇಳಬೇಕೆ? ವಾಚನಾಲಯದವರು ಒಂದು ಲೇಖನ ಕೊಡಿ ಎಂದಾಗ ಇದನ್ನೇ ಬರೆಯುವ ಎಂದು ತೋರಿತು.

ಮೊದಲು ಕೆಲಸ ಎಂತದು ಎಂದು ಹೇಳಬೇಕು. ಒಂದು ಸಂಶೋಧನಾ ಸಂಸ್ಥೆ, ಅದರಲ್ಲಿ ಜೀವಕೋಶಗಳನ್ನು ಅಭ್ಯಾಸ ಮಾಡುವ ಒಂದು ತಂಡ. ಹದಿನೆಂಟು ಜನ, ಆರು ದೊಡ್ಡ ಕಂಪ್ಯೂಟರ್. ಅವು ಯಾರೊಬ್ಬರ ಮೇಜಿನ ಸ್ವತ್ತಲ್ಲ, ಎಲ್ಲರಿಗೂ ಸೇರಿದವು. ಒಬ್ಬರು ಕೂತು ಕೆಲಸ ಮಾಡುವಾಗ ಇನ್ನು ನಾಲ್ಕು ಜನ ತಮ್ಮ ತಮ್ಮ ಕೋಣೆಯಿಂದಲೇ ಅದೇ ಯಂತ್ರದಲ್ಲಿ ಲೆಕ್ಕ ಹಾಕಿಸುತ್ತಿರುತ್ತಾರೆ. ಅದರೊಳಗೆ ಓಡುವುದು ಲಿನಕ್ಸ್. 1991ರಲ್ಲಿ ಫಿನ್ಲೆಂಡಿನ ಲೀನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಶುರು ಮಾಡಿದ್ದು. ಆಮೇಲೆ ಲೋಕದ ಸಾವಿರಾರು ಜನ ಸೇರಿ ಬೆಳೆಸಿದ್ದು. ಯಾರು ಬೇಕಾದರೂ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು. ನಮ್ಮ ಮೇಷ್ಟ್ರುಗಳಿಗೆ ಇದು ಹೊಸದಲ್ಲ. ಕೇರಳದ ಶಾಲೆಗಳಿಗೆ ಕೈಟ್‌ನವರು ಕೊಟ್ಟ ಲ್ಯಾಪ್‌ಟಾಪ್‌ಗಳಲ್ಲಿ ಇರುವುದೂ ಇದೇ ಕುಟುಂಬದ್ದು.

ಈ ಯಂತ್ರದಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಮನೆ ಇದ್ದಹಾಗೆ. ನಿಮ್ಮ ಮನೆಗೆ ನೀವು ಬಿಟ್ಟರೆ ನಾನು ಬರಬಹುದು, ಬಿಡದಿದ್ದರೆ ಇಲ್ಲ. ಆದರೆ ಒಂದು ಹೆಸರಿಗೆ ಮಾತ್ರ ಯಾವ ಬಾಗಿಲೂ ಅಡ್ಡವಿಲ್ಲ. ಅದರ ಹೆಸರು ರೂಟ್, ಎಂದರೆ ಬೇರು. ರೂಟ್ ಆದವನು ಯಾರ ಪತ್ರ ಬೇಕಾದರೂ ಓದಬಹುದು, ಯಾರ ಕೆಲಸ ಬೇಕಾದರೂ ನಿಲ್ಲಿಸಬಹುದು, ಏನು ಬೇಕಾದರೂ ಅಳಿಸಬಹುದು. ಇನ್ನೊಂದು ಸಣ್ಣ ಸಂಗತಿ ನೋಡಿ. ಯಂತ್ರ ಯಾರ ಲೆಕ್ಕಕ್ಕೆ ಮೊದಲು ಗಮನ ಕೊಡಬೇಕು ಎಂಬುದಕ್ಕೆ ಲಿನಕ್ಸಿನಲ್ಲಿ ನೈಸ್ ಎಂಬ ಅಂಕಿ ಉಂಟು, ಮೈನಸ್ 20ರಿಂದ 19ರವರೆಗೆ. ಅಂಕಿ ಹೆಚ್ಚಾದಷ್ಟೂ ಆ ಕೆಲಸ ಬೇರೆಯವರಿಗೆ ದಾರಿ ಬಿಡುತ್ತದೆ. ಸಾಮಾನ್ಯ ಬಳಕೆದಾರ ತನ್ನ ಕೆಲಸವನ್ನು ಹಿಂದೆ ಸರಿಸಬಹುದಷ್ಟೆ. ಯಾರನ್ನಾದರೂ ಮುಂದೆ ತಳ್ಳುವ ಅಧಿಕಾರ ರೂಟ್‌ನದ್ದು. ನಮ್ಮ ತಂಡದಲ್ಲಿ ಆ ಕೀಲಿಕೈ ಹನ್ನೊಂದು ವರ್ಷ ನನ್ನ ಕೈಯಲ್ಲಿತ್ತು.

ದಿನದ ಕೆಲಸ ಬಹಳ ದೊಡ್ಡದೇನಲ್ಲ. ಒಬ್ಬನ ಪ್ರಬಂಧಕ್ಕೆ ಒಂದು ತಂತ್ರಾಂಶದ ಹಳೆಯ ಆವೃತ್ತಿಯೇ ಬೇಕು, ಹೊಸದು ಹಾಕಿದರೆ ಉತ್ತರದಲ್ಲಿ ಸ್ವಲ್ಪ ವ್ಯತ್ಯಾಸ ಬರುತ್ತದೆ. ಇನ್ನೊಬ್ಬಳಿಗೆ ಹೊಸದಿಲ್ಲದೆ ಆಗುವುದಿಲ್ಲ. ಎರಡನ್ನೂ ಒಂದಕ್ಕೊಂದು ತಾಗದ ಹಾಗೆ ಒಂದೇ ಯಂತ್ರದಲ್ಲಿ ಇಟ್ಟು, ಅವರವರಿಗೆ ಬೇಕಾದ್ದು ಎತ್ತಿಕೊಳ್ಳಲು ದಾರಿ ಮಾಡಿಕೊಡಬೇಕು. ಹೊಸಬರಿಗೆ ಖಾತೆ ತೆರೆಯಬೇಕು, ಹೋದವರದ್ದು ಮುಚ್ಚಬೇಕು. ಎಲ್ಲಕ್ಕಿಂತ ದೊಡ್ಡ ತಲೆನೋವು ಜಾಗದ್ದು. ಮನೆಗಳಿಗೆ ಅಳತೆ ಇತ್ತು, ಅವುಗಳ ಪ್ರತಿಯನ್ನು ಪ್ರತಿ ರಾತ್ರಿ ಬೇರೆ ಕಡೆ ತೆಗೆದಿಡುತ್ತಿದ್ದೆವು. ದೊಡ್ಡ ದೊಡ್ಡ ಕಡತಗಳನ್ನು ತಾತ್ಕಾಲಿಕವಾಗಿ ಇಡಲಿಕ್ಕೆ ಒಂದು ಸಾಮಾನ್ಯ ಅಂಗಳ ಇತ್ತು. ಅಂಗಳದಲ್ಲಿದ್ದುದಕ್ಕೆ ಪ್ರತಿ ಇಲ್ಲ. ಅರುವತ್ತು ದಿನ ಯಾರೂ ಮುಟ್ಟದ ಕಡತಗಳನ್ನು ತೆಗೆದುಹಾಕಬಹುದು. ಈ ನಿಯಮವನ್ನು ಎಲ್ಲರೂ ಓದಿ ಒಪ್ಪಿಯೇ ಖಾತೆ ಪಡೆಯುತ್ತಿದ್ದರು.

ಒಂದು ಶುಕ್ರವಾರ ರಾತ್ರಿ ಅಂಗಳ ತುಂಬಿತು. ಆರು ಜನರ ಲೆಕ್ಕಗಳು ಬರೆಯಲು ಜಾಗವಿಲ್ಲದೆ ಅರ್ಧಕ್ಕೆ ನಿಲ್ಲುವ ಹಾಗಾಯಿತು. ನಾನು ಮನೆಯಿಂದಲೇ ಒಳಹೊಕ್ಕು, ಕೊನೆಯ ಸಲ ತಿದ್ದಿ ಅರುವತ್ತು ದಿನ ದಾಟಿದ ಕಡತಗಳನ್ನೆಲ್ಲ ಹುಡುಕಿ ಅಳಿಸು ಎಂದು ಒಂದು ಸಾಲು ಬರೆದು ಕೊಟ್ಟೆ. ಒಂದೇ ಸಾಲು. ಜಾಗ ಆಯಿತು, ಲೆಕ್ಕಗಳು ಮುಂದುವರಿದವು, ನಾನು ಮಲಗಿದೆ.

ಸೋಮವಾರ ಒಬ್ಬಳು ಸಂಶೋಧನಾ ವಿದ್ಯಾರ್ಥಿನಿ ನನ್ನ ಕೋಣೆಗೆ ಬಂದಳು. ಮುಖ ಬಿಳಿಚಿಕೊಂಡಿತ್ತು. ಸೂಕ್ಷ್ಮದರ್ಶಕದಲ್ಲಿ ತೆಗೆದ ಅವಳ ನಾಲ್ಕು ತಿಂಗಳ ಚಿತ್ರಗಳು ಕಾಣುವುದಿಲ್ಲ. "ಸರ್, ಹೋದ ವಾರವಷ್ಟೇ ಇಲ್ಲಿಗೆ ಕಾಪಿ ಮಾಡಿದ್ದೆ. ಮೈಕ್ರೋಸ್ಕೋಪ್ ಕಂಪ್ಯೂಟರಿನಲ್ಲಿ ಜಾಗ ಬೇಕೆಂದು ಅಲ್ಲಿಂದ ತೆಗೆದುಬಿಟ್ಟಿದ್ದೇನೆ. ನಾನೇ ಎಲ್ಲೋ ತಪ್ಪಿ ಅಳಿಸಿರಬೇಕು, ಅಲ್ವಾ?"

ಅವಳು ಹೋದ ಮೇಲೆ ನೋಡಿದೆ. ಹತ್ತು ನಿಮಿಷದಲ್ಲಿ ಗೊತ್ತಾಯಿತು. ಕಡತಗಳನ್ನು ತರುವಾಗ ಅವುಗಳ ಹಳೆಯ ತಾರೀಕನ್ನು ಹಾಗೆಯೇ ಉಳಿಸಿ ತರುವ ಕ್ರಮ ಉಂಟು. ಒಳ್ಳೆಯ ಕ್ರಮವೇ, ಚಿತ್ರ ಯಾವಾಗ ತೆಗೆದದ್ದು ಎಂದು ತಿಳಿಯಬೇಕಲ್ಲ. ಅವಳು ಹಾಗೆಯೇ ತಂದಿದ್ದಳು. ಬಂದದ್ದು ಹೋದ ವಾರ, ಮೇಲಿದ್ದ ತಾರೀಕು ಮೂರು ನಾಲ್ಕು ತಿಂಗಳು ಹಿಂದಿನದು. ನಾನು ಕೇಳಿದ ಪ್ರಶ್ನೆಗೆ ಯಂತ್ರ ಸತ್ಯವಾದ ಉತ್ತರವನ್ನೇ ಕೊಟ್ಟಿತ್ತು. ನಾನು ಕೇಳಿದ ಪ್ರಶ್ನೆಯೇ ತಪ್ಪು. "ಇದು ಇಲ್ಲಿಗೆ ಬಂದು ಎಷ್ಟು ದಿನ ಆಯಿತು" ಎಂದು ಕೇಳಬೇಕಿತ್ತು. "ಇದು ಎಷ್ಟು ಹಳೆಯದು" ಎಂದು ಕೇಳಿದೆ.

ನಾನು ಹೇಳಲಿಲ್ಲ. ಸೋಮವಾರ ಹೇಳಲಿಲ್ಲ, ಮಂಗಳವಾರ ಹೇಳಲಿಲ್ಲ, ಬುಧವಾರವೂ ಹೇಳಲಿಲ್ಲ. ಸುಳ್ಳು ಹೇಳಲೂ ಇಲ್ಲ. "ನೋಡುತ್ತಾ ಇದ್ದೇನೆ" ಎಂದೆ, ಅಷ್ಟೆ. ಮನಸ್ಸಿಗೆ ಸಮಾಧಾನ ಹೇಳಿಕೊಳ್ಳಲು ಕಾರಣಗಳು ಬೇಕಾದಷ್ಟು ಇದ್ದವು. ಅಂಗಳಕ್ಕೆ ಪ್ರತಿ ಇಲ್ಲ ಎಂದು ಅವಳಿಗೆ ಗೊತ್ತಿತ್ತು. ನಿಯಮಕ್ಕೆ ಅವಳು ಒಪ್ಪಿಗೆ ಕೊಟ್ಟಿದ್ದಳು. ಹೇಳಿದರೆ ಚಿತ್ರಗಳು ಹಿಂದೆ ಬರುವುದಿಲ್ಲ. ಹದಿನೆಂಟು ಜನರಿಗೆ ಯಂತ್ರದ ಮೇಲಿನ ನಂಬಿಕೆ ಹೋದರೆ ಎಲ್ಲರೂ ತಮ್ಮ ತಮ್ಮ ಪೆಟ್ಟಿಗೆಗಳಲ್ಲಿ ಬಚ್ಚಿಡಲು ಶುರುಮಾಡುತ್ತಾರೆ, ಸಾಮಾನ್ಯ ವ್ಯವಸ್ಥೆಯೇ ಮುರಿದುಬೀಳುತ್ತದೆ.

ಇವುಗಳಲ್ಲಿ ಒಂದೂ ಸುಳ್ಳಲ್ಲ. ಆದರೆ ನಿಜವಾದ ಕಾರಣ ಬೇರೆ: ಅದು ಗೊತ್ತಿದ್ದವನು ನಾನೊಬ್ಬನೇ. ರೂಟ್‌ನ ಅಧಿಕಾರವನ್ನು ಎರವಲು ಪಡೆಯಲು ಸುಡೊ ಎಂಬ ಆಜ್ಞೆ ಉಂಟು. ಅದನ್ನು ಮೊದಲ ಸಲ ಬಳಸುವಾಗ ಯಂತ್ರ ಮೂರು ಬುದ್ಧಿಮಾತು ಹೇಳುವ ಪದ್ಧತಿ ಹಿಂದಿನಿಂದಲೂ ಇದೆ. ಬೇರೆಯವರ ಖಾಸಗಿತನವನ್ನು ಗೌರವಿಸು, ಟೈಪ್ ಮಾಡುವ ಮೊದಲು ಯೋಚಿಸು, ದೊಡ್ಡ ಅಧಿಕಾರದ ಜೊತೆ ದೊಡ್ಡ ಹೊಣೆಯೂ ಬರುತ್ತದೆ ಎಂದು. ಸುಡೊ ಬಳಸಿದ್ದೆಲ್ಲ ದಾಖಲೆಯಾಗುತ್ತದೆ ಕೂಡ. ಆದರೆ ಆ ದಾಖಲೆಯನ್ನು ಓದುವ, ಬೇಕಿದ್ದರೆ ತಿದ್ದುವ ಅಧಿಕಾರವೂ ರೂಟ್‌ಗೇ. ಎಂದರೆ ಕೆಲಸ ಮಾಡುವವನೂ ನಾನು, ಸಾಕ್ಷಿಯೂ ನಾನು, ತೀರ್ಪು ಕೊಡುವವನೂ ನಾನು. ಮೂರು ದಿನ ನನ್ನ ನ್ಯಾಯಾಲಯದಲ್ಲಿ ನಾನು ನಿರ್ದೋಷಿ.

ಗುರುವಾರ ಬೆಳಿಗ್ಗೆ ಹೇಳಿದೆ. ದೊಡ್ಡ ಧೈರ್ಯದಿಂದ ಹೇಳಿದ್ದಲ್ಲ. ಹಿಂದಿನ ಸಂಜೆ ಅವಳು ಒಂದು ಕಾಗದದಲ್ಲಿ, ಆ ವಾರ ತಾನು ಟೈಪ್ ಮಾಡಿದ ಪ್ರತಿಯೊಂದು ಆಜ್ಞೆಯನ್ನೂ ನೆನಪಿಸಿಕೊಂಡು ಬರೆಯುತ್ತಾ ಕೂತಿದ್ದಳು, ಎಲ್ಲಿ ತಪ್ಪಿದೆ ಎಂದು ಹುಡುಕಲಿಕ್ಕೆ. ಅದನ್ನು ನೋಡಿ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ಹೇಳಿದ್ದನ್ನು ಕೇಳಿ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು: "ಸರ್, ಅಳಿಸಿಹೋದದ್ದು ಸರಿ, ಯಾರಿಗೂ ಆಗಬಹುದು. ಆದರೆ ಮೂರು ದಿನ ನನಗೆ ನನ್ನ ತಲೆಯ ಮೇಲೆಯೇ ನಂಬಿಕೆ ಇರಲಿಲ್ಲ. ನಿಮಗೆ ಸೋಮವಾರವೇ ಗೊತ್ತಿತ್ತಲ್ಲ."

ಅಲ್ಲಿಯವರೆಗೆ ನನ್ನ ತಪ್ಪು ಚಿತ್ರಗಳನ್ನು ಕಳೆದದ್ದು ಎಂದುಕೊಂಡಿದ್ದೆ. ಅದು ಕೈತಪ್ಪು. ಸುಮ್ಮನಿದ್ದು ನಾನು ಕಸಿದುಕೊಂಡದ್ದು ಬೇರೆ: ತನ್ನ ಮೇಲೆ ತನಗಿದ್ದ ವಿಶ್ವಾಸ. ಚಿತ್ರಗಳನ್ನು ಅವಳು ಉಳಿದ ಮಾದರಿಗಳಿಂದ ಮತ್ತೆ ತೆಗೆದಳು, ಆರು ವಾರ ಹಿಡಿಯಿತು. ಕೆಲವು ಕೊನೆಗೂ ಸಿಗಲಿಲ್ಲ. ನನ್ನ ಜೊತೆ ಅವಳು ಮೊದಲಿನ ಹಾಗೆ ಮಾತಾಡಲಿಕ್ಕೆ ಅದಕ್ಕಿಂತ ಹೆಚ್ಚು ಕಾಲ ಬೇಕಾಯಿತು.

ಒಬ್ಬ ಸಹೋದ್ಯೋಗಿ ಕೇಳಿದರು, "ನಿಯಮದ ಪ್ರಕಾರವೇ ಮಾಡಿದ್ದೀರಿ, ಯಾಕೆ ಹೇಳೋಕೆ ಹೋದ್ರಿ?" ನಿಯಮ ಇರುವುದು ಯಾವಾಗ ಅಳಿಸಬಹುದು ಎಂದು ಹೇಳಲಿಕ್ಕೆ. ಅಳಿಸಿದ ಮೇಲೆ ಅಳಿಸಿದವನು ಯಾರೆಂದು ಮುಚ್ಚಿಡಬಹುದು ಎಂದು ಅದು ಎಲ್ಲಿಯೂ ಹೇಳುವುದಿಲ್ಲ. ನಿಯಮ ನನ್ನನ್ನು ದಂಡನೆಯಿಂದ ಬಿಡಿಸಬಹುದು, ಉತ್ತರ ಕೊಡುವುದರಿಂದ ಬಿಡಿಸಲಾರದು.

ಆದರೂ ಒಂದು ಮಾತು ಒಪ್ಪಿಕೊಳ್ಳಬೇಕು. ಹೇಳಿದರೆ ಕೆಲಸ ಹೋಗುತ್ತದೆ ಎಂದು ಗೊತ್ತಿದ್ದಿದ್ದರೆ ಗುರುವಾರವಾದರೂ ಹೇಳುತ್ತಿದ್ದೆನೋ ಇಲ್ಲವೋ, ನನಗೆ ಗೊತ್ತಿಲ್ಲ. ಆದ್ದರಿಂದಲೇ "ಒಳ್ಳೆಯವನ ಕೈಯಲ್ಲಿ ಕೀಲಿಕೈ ಕೊಟ್ಟರೆ ಆಯಿತು" ಎಂಬ ಮಾತಿನಲ್ಲಿ ನನಗೆ ಈಗ ಭರವಸೆ ಇಲ್ಲ. ನಾನೂ ಒಳ್ಳೆಯವನೆಂದೇ ಹೆಸರಿತ್ತು.

ಇಲ್ಲಿ ನಮ್ಮ ಕಟ್ಟದ ನೆನಪಾಗುತ್ತದೆ. ಮಳೆ ನಿಂತು ತೋಡಿನ ನೀರು ಇಳಿಯುವಾಗ ಊರವರೆಲ್ಲ ಸೇರಿ ಕಲ್ಲು ಮಣ್ಣು ಹಾಕಿ ಕಟ್ಟ ಕಟ್ಟುತ್ತಿದ್ದದ್ದು, ಮುಂದಿನ ಮಳೆಗಾಲಕ್ಕೆ ಅದು ಹೋಗುತ್ತಿದ್ದದ್ದು, ಹಿರಿಯರಿಗೆ ನೆನಪಿದೆ. ನೀರು ಸರದಿಯಲ್ಲಿ ಒಂದೊಂದು ತೋಟಕ್ಕೆ. ನಮ್ಮ ಅಜ್ಜನ ಸರದಿ ರಾತ್ರಿ ಬಂದರೆ, ಅದು ಮುಗಿಯುವ ಅರ್ಧ ಗಂಟೆ ಮೊದಲೇ ಮುಂದಿನ ಸರದಿಯವರು ಸೂಟೆ ಹಿಡಿದುಕೊಂಡು ಬಂದು ಕಣಿಯ ಬದಿಯಲ್ಲಿ ಕೂರುತ್ತಿದ್ದರು. ಚಿಕ್ಕವನಾಗಿದ್ದಾಗ ನನಗೆ ಸಿಟ್ಟು ಬರುತ್ತಿತ್ತು. "ಅವರಿಗೆ ನಿಮ್ಮ ಮೇಲೆ ನಂಬಿಕೆ ಇಲ್ವಾ ಅಜ್ಜ?" ಎಂದು ಕೇಳಿದರೆ ಅಜ್ಜ ನಗುತ್ತಿದ್ದರು. "ನಂಬಿಕೆ ಉಂಟು ಮಗಾ. ಅದು ಹಾಳಾಗುವುದು ಬೇಡ ಅಂತ ಬರುವುದು."

ಎಲಿನಾರ್ ಆಸ್ಟ್ರಮ್ ಎಂಬ ಅಮೆರಿಕದ ವಿದ್ವಾಂಸರು ಲೋಕದ ಬೇರೆ ಬೇರೆ ಕಡೆ ಜನ ಸಾಮಾನ್ಯ ನೀರು, ಹುಲ್ಲುಗಾವಲು, ಕಾಡುಗಳನ್ನು ಹೇಗೆ ಉಳಿಸಿಕೊಂಡಿದ್ದಾರೆ ಎಂದು ಅಭ್ಯಾಸ ಮಾಡಿ 1990ರಲ್ಲಿ ಒಂದು ಪುಸ್ತಕ ಬರೆದರು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಆ ವಿಷಯದಲ್ಲಿ ಅದನ್ನು ಪಡೆದ ಮೊದಲ ಮಹಿಳೆ ಅವರು. ಸರದಿಯ ನೀರಾವರಿಯಲ್ಲಿ ಮುಂದಿನವನು ಹತ್ತಿರವೇ ಕಾಯುತ್ತಿರುತ್ತಾನೆ, ಆದ್ದರಿಂದ ಕಾವಲಿಗೆ ಬೇರೆ ಖರ್ಚಿಲ್ಲ ಎಂಬುದನ್ನು ಅವರೂ ಗಮನಿಸಿದ್ದಾರೆ. ಬಹುಕಾಲ ಉಳಿದ ವ್ಯವಸ್ಥೆಗಳಲ್ಲಿ ಕಾಯುವವರು ಬಳಸುವವರೇ ಆಗಿರುತ್ತಾರೆ, ಇಲ್ಲವೆ ಬಳಸುವವರಿಗೆ ಉತ್ತರ ಕೊಡಬೇಕಾದವರಾಗಿರುತ್ತಾರೆ ಎಂದೂ ಹೇಳಿದ್ದಾರೆ. ಅದನ್ನು ಓದುವಾಗ ನನಗೆ ಕಣಿಯ ಬದಿಯ ಸೂಟೆಯ ಬೆಳಕು ಕಂಡಿತು.

ನನ್ನ ಯಂತ್ರದ ಬದಿಯಲ್ಲಿ ಯಾರೂ ಕೂತಿರಲಿಲ್ಲ. ಆಮೇಲೆ ಕೂರಿಸಿದೆವು. ಅಂಗಳ ಗುಡಿಸುವ ಒಂದು ವಾರ ಮೊದಲು ಯಾರ ಯಾವ ಕಡತ ಹೋಗಲಿದೆ ಎಂದು ಅವರವರಿಗೆ ತಿಳಿಸುವುದು. ನೇರ ಅಳಿಸದೆ ಹದಿನಾಲ್ಕು ದಿನ ಬೇರೆ ಮೂಲೆಯಲ್ಲಿ ಇಡುವುದು. ಕಡತ ಯಂತ್ರಕ್ಕೆ ಬಂದ ದಿನವನ್ನೂ ನೋಡುವುದು. ನಾನು ರೂಟ್ ಆಗಿ ಏನು ಮಾಡಿದೆ, ಯಾಕೆ ಮಾಡಿದೆ ಎಂದು ಎಲ್ಲರೂ ಓದಬಹುದಾದ ಒಂದು ದಿನಚರಿಯಲ್ಲಿ ಬರೆಯುವುದು. ದಾಖಲೆಯ ಒಂದು ಪ್ರತಿ ಆಗಿಂದಾಗ್ಗೆ ಇನ್ನೊಂದು ಯಂತ್ರಕ್ಕೆ ಹೋಗುವುದು. ಅದರ ಕೀಲಿಕೈ ನನ್ನಲ್ಲಿ ಇರದೆ ಬೇರೆಯವರಲ್ಲಿ ಇರುವುದು. ಬೇರೆಯವರ ಮನೆಯೊಳಗಿನದು ಗುಟ್ಟಾಗಿಯೇ ಉಳಿಯಬೇಕು, ನನ್ನ ಕೈ ಮಾಡಿದ್ದು ಮಾತ್ರ ಎಲ್ಲರಿಗೂ ಕಾಣಬೇಕು. ಈ ಎರಡನ್ನು ಅದಲು ಬದಲು ಮಾಡುವ ಅಧಿಕಾರಿಗಳೇ ಹೆಚ್ಚು.

ಆ ವಿದ್ಯಾರ್ಥಿನಿಯೇ ಆ ಇನ್ನೊಂದು ಕೀಲಿಕೈ ಇಟ್ಟುಕೊಳ್ಳಲು ಒಪ್ಪಿದಳು. ತಿಂಗಳಿಗೊಮ್ಮೆ ಕೂತು ಎರಡನ್ನೂ ಹೋಲಿಸಿ ನೋಡುತ್ತಿದ್ದಳು. ಶುರುವಿನಲ್ಲಿ ನನಗೆ ಅವಮಾನವಾಗುತ್ತಿತ್ತು. ಆಮೇಲೆ ಒಂಥರಾ ಹಗುರವಾಯಿತು. ನಾನು ಒಳ್ಳೆಯವನಾಗಿರುವ ಭಾರವನ್ನು ಒಬ್ಬನೇ ಹೊರಬೇಕಾಗಿರಲಿಲ್ಲ.

ಈಗ ನಮ್ಮ ವಾಚನಾಲಯದ ಕಪಾಟಿನ ಕೀಲಿಕೈ ಎರಡು ವರ್ಷದಿಂದ ನನ್ನಲ್ಲಿ ಉಂಟು. ಕಳೆದ ಮಳೆಗಾಲದಲ್ಲಿ ಒಂದು ಸಂಜೆ ಕಿಟಕಿ ಹಾಕಲು ಮರೆತೆ. ಮೂರು ಪುಸ್ತಕ ಒದ್ದೆಯಾದವು. ಎರಡು ಒಣಗಿದವು, ಒಂದು ಹಾಳಾಯಿತು. ಯಾವುದು, ಯಾವ ದಿನ, ಯಾರಿಂದ ಎಂದು ರಿಜಿಸ್ಟರಿನಲ್ಲಿ ಬರೆದಿದ್ದೇನೆ. ರಿಜಿಸ್ಟರು ಬಾಗಿಲ ಬಳಿಯ ಮೇಜಿನ ಮೇಲೆ ಇರುತ್ತದೆ. ಬಂದಾಗ ಒಮ್ಮೆ ತೆರೆದು ನೋಡಿ, ನನಗೇನೂ ಬೇಜಾರಿಲ್ಲ.