ಹಿರಿಯರ ಹೆಸರಿನಲ್ಲಿ ಬಂದ ಓಲೆ

ಸಾಲಗಾಮೆಯಂತಹ ಊರುಗಳಲ್ಲಿ ಸಂಘದ ಅಧ್ಯಕ್ಷರು ವಂತಿಗೆ ಕೇಳಬೇಕಾದರೆ ಮನೆಯ ಜಗಲಿಗೆ ಬಂದು ಕೇಳುತ್ತಿದ್ದರು. ಮುಖ, ದನಿ, ನಡಿಗೆ ಮೂರೂ ಸಾಕ್ಷಿ. ಇಂದು ಇ-ಮೇಲ್ ಓಲೆಯೊಂದು ಬರುತ್ತದೆ: “ಸಭೆಯಲ್ಲಿದ್ದೇನೆ, ಕರೆ ಮಾಡಬೇಡಿ. ರೋಗಿಯೊಬ್ಬರಿಗೆ ತುರ್ತಾಗಿ ನೆರವು ಬೇಕು. ಈ ಖಾತೆಗೆ ಹಣ ಕಳುಹಿಸಿ, ಸಂಜೆ ಕೊಡುತ್ತೇನೆ.” ಕೆಳಗೆ ಅಧ್ಯಕ್ಷರದೇ ಹೆಸರು.

ವಾಚಕ ಮಹಾಶಯರೇ, ಆ ಹೆಸರು ಲಕೋಟೆಯ ಮೇಲೆ ಬರೆಯುವ “ಇಂದ” ವಿಳಾಸವಿದ್ದಂತೆ. ಬರೆಯುವವನು ಯಾರ ಹೆಸರನ್ನಾದರೂ ಬರೆಯಬಲ್ಲನು. 1982ರಲ್ಲಿ ರೂಪುಗೊಂಡ ಇ-ಮೇಲ್ ರವಾನೆಯ ನಿಯಮವು ಕಳುಹಿಸಿದವನಾರೆಂದು ಪರೀಕ್ಷಿಸುತ್ತಿರಲಿಲ್ಲ. ಅನಂತರ ಬಂದ ತಪಾಸಣೆಗಳೂ ತೋರಿಕೆಯ ಹೆಸರನ್ನು ಪ್ರಶ್ನಿಸುವುದಿಲ್ಲ. ಯಾರು ಅಧ್ಯಕ್ಷರು, ಯಾರು ಖಜಾಂಚಿ ಎಂಬುದನ್ನು ನಾವೇ ಅಚ್ಚು ಹಾಕಿಸಿ ಹಂಚಿರುತ್ತೇವೆ.

ಆದರೆ ವಂಚಕನ ನಿಜವಾದ ಬಂಡವಾಳ ನಮ್ಮ ವಿನಯವೇ. “ಇದು ತಾವೇ ಬರೆದುದೇ?” ಎಂದು ಹಿರಿಯರನ್ನು ಕೇಳುವುದು ಅವಿಧೇಯತೆಯಾದೀತೆಂಬ ಸಂಕೋಚ! ವಿಚಾರಿಸಿ ನೋಡಿದರೆ, ನಾವು ಸಂದೇಹಿಸುವುದು ಹಿರಿಯರನ್ನಲ್ಲ. ಅವರ ಹೆಸರು ಹೊತ್ತು ಬಂದ ಓಲೆಯನ್ನು. ಕೇಳದೆ ಕೊಟ್ಟರೆ ನಮ್ಮ ಹಣದೊಡನೆ ಅವರ ಹೆಸರೂ ಕೆಡುತ್ತದೆ. ಈ ಸಂಕೋಚವನ್ನು ಬಿಡಿಸುವ ಹೊಣೆ ಮೊದಲು ಪದಾಧಿಕಾರಿಗಳದು. “ಓಲೆಯಲ್ಲಿ ನಾನು ಹಣ ಕೇಳುವುದಿಲ್ಲ; ಕೇಳಿದಂತೆ ಕಂಡರೆ ನನಗೇ ಕರೆ ಮಾಡಿ” ಎಂದು ಅವರು ಸಭೆಯಲ್ಲಿ ಸಾರಬೇಕು. ಕರೆಯೂ ನಮ್ಮಲ್ಲಿ ಮೊದಲೇ ಇದ್ದ ಸಂಖ್ಯೆಗೆ ಹೋಗಬೇಕು, ಓಲೆಯಲ್ಲಿ ಕೊಟ್ಟುದಕ್ಕಲ್ಲ.

2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಡಿ ಕಲಮಿನಂತೆ ಈ ಸೋಗಿಗೆ ಮೂರು ವರ್ಷದವರೆಗೆ ಸೆರೆವಾಸವುಂಟು. ಹಣ ಹೋಗಿಯೇಬಿಟ್ಟಿದ್ದರೆ ನಾಚಿ ಕುಳಿತಿರದೆ ಕೂಡಲೇ 1930ಕ್ಕೆ ದೂರವಾಣಿ ಮಾಡಬೇಕು; ಹಣ ಮತ್ತೊಂದು ಖಾತೆಗೆ ಜಾರುವ ಮುನ್ನ ಬ್ಯಾಂಕು ಅದನ್ನು ತಡೆಹಿಡಿಯುವ ಸಾಧ್ಯತೆಯುಂಟು.