ಕಣ್ಣೂ ಕರ್ಮೇಂದ್ರಿಯವೇ

ಸಾಂಖ್ಯರು ಇಂದ್ರಿಯಗಳನ್ನು ಎರಡು ಗುಂಪು ಮಾಡಿದರು. ಕಣ್ಣು, ಕಿವಿ, ಮೂಗು, ನಾಲಗೆ, ಚರ್ಮ ಇವು ಜ್ಞಾನೇಂದ್ರಿಯಗಳು. ಮಾತು, ಕೈ, ಕಾಲು ಮತ್ತು ವಿಸರ್ಜನೆ, ಸಂತಾನದ ಅಂಗಗಳು ಕರ್ಮೇಂದ್ರಿಯಗಳು. ಮೊದಲಿನವು ಜಗತ್ತನ್ನು ಒಳಕ್ಕೆ ತರುತ್ತವೆ, ಆಮೇಲಿನವು ಜಗತ್ತಿನಲ್ಲಿ ಏನಾದರೂ ಮಾಡುತ್ತವೆ. ಈ ವಿಂಗಡಣೆ ನಮ್ಮಲ್ಲಿ ಎಷ್ಟು ಬೇರೂರಿದೆಯೆಂದರೆ, ಹೈಸ್ಕೂಲಿನ ಜೀವಶಾಸ್ತ್ರವೂ ಜ್ಞಾನವಾಹಿ ನರ, ಕ್ರಿಯಾವಾಹಿ ನರ ಎಂದು ಅದೇ ಗೆರೆಯನ್ನು ಎಳೆಯುತ್ತದೆ. ಈ ಗೆರೆ ನಿಲ್ಲುವುದಿಲ್ಲ ಎಂಬುದು ನನ್ನ ವಾದ. ಕಣ್ಣು, ಕಿವಿಗಳೂ ಕೈಕಾಲಿನಷ್ಟೇ ದುಡಿಯುತ್ತವೆ. ಆ ದುಡಿಮೆ ನಿಂತರೆ ಅರಿವೂ ನಿಲ್ಲುತ್ತದೆ.

ತೋಳು ಪೂರ್ತಿ ಚಾಚಿ ಹೆಬ್ಬೆರಳಿನ ಉಗುರನ್ನು ನೋಡಿ. ಯಾವುದೇ ಕ್ಷಣದಲ್ಲಿ ನಮಗೆ ಸ್ಪಷ್ಟವಾಗಿ ಕಾಣುವುದು ಹೆಚ್ಚುಕಡಿಮೆ ಅಷ್ಟೇ ಜಾಗ. ಅಕ್ಷಿಪಟಲದ ನಡುವೆ ಇರುವ ಪುಟ್ಟ ಗುಳಿಯೊಂದಕ್ಕೆ ಮಾತ್ರ ಅಕ್ಷರ ಓದುವಷ್ಟು ಚುರುಕಿದೆ. ಉಳಿದ ಕಡೆಯ ನೋಟ ಮಸುಕು. ಹಾಗಿದ್ದೂ ಇಡೀ ಕೋಣೆ ಸ್ಪಷ್ಟವಾಗಿ ಕಂಡಂತೆ ಅನಿಸುವುದು ಕಣ್ಣು ಸೆಕೆಂಡಿಗೆ ಸುಮಾರು ಮೂರು ಬಾರಿ ಜಿಗಿದು ಜಿಗಿದು ನೋಡುವುದರಿಂದ. ಆ ಜಿಗಿತ ನಮ್ಮ ಅರಿವಿಗೆ ಬರುವುದೇ ಇಲ್ಲ. ಕನ್ನಡಿಯ ಮುಂದೆ ನಿಂತು ನಿಮ್ಮ ಎಡಗಣ್ಣನ್ನೂ ಬಲಗಣ್ಣನ್ನೂ ಸರದಿಯಂತೆ ನೋಡಿಕೊಳ್ಳಿ: ಕಣ್ಣುಗುಡ್ಡೆ ಹೊರಳುವುದು ನಿಮಗೆ ಕಾಣದು, ಪಕ್ಕದಲ್ಲಿ ನಿಂತವರಿಗೆ ಕಾಣುತ್ತದೆ. 1950ರ ದಶಕದಲ್ಲಿ ಪ್ರಯೋಗಕಾರರು, ಕಣ್ಣು ಎತ್ತ ಹೊರಳಿದರೂ ಬಿಂಬ ಅಕ್ಷಿಪಟಲದ ಒಂದೇ ಜಾಗದಲ್ಲಿ ನಿಲ್ಲುವಂತೆ ಮಾಡಿದರು. ಕೆಲವೇ ಸೆಕೆಂಡುಗಳಲ್ಲಿ ಬಿಂಬ ಮಾಯವಾಯಿತು. ಬೆಳಕು ಬೀಳುತ್ತಲೇ ಇತ್ತು, ನರಗಳು ಸರಿಯಾಗಿದ್ದವು, ನೋಟ ಮಾತ್ರ ಇರಲಿಲ್ಲ.

ಈ ಪ್ರಯೋಗ ಮಾಡಿದವರಲ್ಲಿ ಸೋವಿಯತ್ ರಷ್ಯಾದ ಆಲ್ಫ್ರೆಡ್ ಯಾರ್ಬುಸ್ ಒಬ್ಬರು. ಅವರ ಇನ್ನೊಂದು ಪ್ರಯೋಗ ನನ್ನನ್ನು ಬಿಡದೆ ಕಾಡಿದೆ. ಇಲ್ಯಾ ರೆಪಿನ್ ಬರೆದ ಚಿತ್ರವೊಂದರಲ್ಲಿ, ಗಡೀಪಾರಾಗಿದ್ದ ಮನುಷ್ಯ ಹೇಳದೆ ಕೇಳದೆ ಮನೆಯೊಳಗೆ ಕಾಲಿಡುತ್ತಾನೆ. ಮನೆಯವರು ಬೆರಗಾಗಿ ನೋಡುತ್ತಾರೆ. ಯಾರ್ಬುಸ್ ಈ ಚಿತ್ರವನ್ನು ಒಬ್ಬ ವ್ಯಕ್ತಿಯ ಮುಂದಿಟ್ಟು ಬೇರೆ ಬೇರೆ ಪ್ರಶ್ನೆ ಕೇಳಿದರು, ಆ ಹೊತ್ತಿನಲ್ಲಿ ಕಣ್ಣು ಚಲಿಸಿದ ಜಾಡನ್ನು ದಾಖಲಿಸಿದರು. ಇವರ ವಯಸ್ಸೆಷ್ಟು ಎಂದು ಕೇಳಿದಾಗ ಕಣ್ಣು ಮುಖಗಳ ಮೇಲೆ ನಿಂತಿತು. ಈ ಮನೆಯವರು ಎಷ್ಟು ಅನುಕೂಲಸ್ಥರು ಎಂದಾಗ ಬಟ್ಟೆ, ಪೀಠೋಪಕರಣಗಳತ್ತ ಹೋಯಿತು. ಬಂದವನು ಎಷ್ಟು ಕಾಲ ದೂರವಿದ್ದ ಎಂದಾಗ ಒಂದು ಮುಖದಿಂದ ಇನ್ನೊಂದಕ್ಕೆ ಓಡಾಡಿತು. ಚಿತ್ರ ಒಂದೇ, ನೋಡುವವನೂ ಒಬ್ಬನೇ. ಬದಲಾದದ್ದು ಅವನು ಹುಡುಕುತ್ತಿದ್ದ ಸಂಗತಿ.

ಇದನ್ನು ಒಪ್ಪಿದರೆ ‘ಕಣ್ಣಾರೆ ಕಂಡೆ’ ಎಂಬ ಮಾತಿಗೆ ಇದ್ದ ಕೊನೆಯ ತೀರ್ಪಿನ ಗತ್ತು ಹೋಗುತ್ತದೆ. ‘ನನಗೆ ಕಾಣಲೇ ಇಲ್ಲ’ ಎಂಬ ಸಮಜಾಯಿಷಿಯೂ ಅಷ್ಟು ಸುಲಭವಾಗಿ ಸಲ್ಲುವುದಿಲ್ಲ. ದಿನಾ ಬೆಳಗ್ಗೆ ನಮ್ಮ ಬೀದಿ ಗುಡಿಸುವ ಪೌರಕಾರ್ಮಿಕರ ಮುಖ ನಮ್ಮಲ್ಲಿ ಎಷ್ಟು ಜನರಿಗೆ ನೆನಪಿದೆ? ಅವರಿಂದ ಹೊರಟ ಬೆಳಕು ನಮ್ಮ ಕಣ್ಣನ್ನು ಮುಟ್ಟಿಯೇ ಮುಟ್ಟಿರುತ್ತದೆ. ನಾವು ಯಾವ ಪ್ರಶ್ನೆ ಇಟ್ಟುಕೊಂಡು ಬೀದಿಗೆ ಇಳಿಯುತ್ತೇವೆ ಎಂಬುದು ನಮ್ಮ ನಡತೆಗೆ ಸೇರಿದ ವಿಷಯ; ಅದಕ್ಕೆ ನಾವು ಉತ್ತರ ಕೊಡಬೇಕಾಗುತ್ತದೆ.

ಕಿವಿಯ ವಿಷಯ ಇನ್ನೂ ವಿಸ್ಮಯದ್ದು. ಕಣ್ಣಾದರೂ ಹೊರಳುತ್ತದೆ, ಕಿವಿ ಸುಮ್ಮನಿರುತ್ತದೆ ಎಂದೇ ಎಲ್ಲರ ನಂಬಿಕೆ. 1978ರಲ್ಲಿ ಲಂಡನ್ನಿನ ಡೇವಿಡ್ ಕೆಂಪ್ ಕಿವಿಯ ನಾಳದಲ್ಲಿ ಸೂಕ್ಷ್ಮವಾದ ಮೈಕ್ ಇಟ್ಟು, ಒಂದು ಸಣ್ಣ ಟಿಕ್ ಸದ್ದು ಕೇಳಿಸಿದರು. ಕೆಲವು ಮಿಲಿಸೆಕೆಂಡು ಕಳೆದ ಮೇಲೆ ಒಳಗಿವಿಯೇ ಸದ್ದು ಮಾಡಿತು. ಸುರುಳಿಯಾಗಿರುವ ಕಾಕ್ಲಿಯಾದಲ್ಲಿ ರೋಮಕೋಶಗಳ ನಾಲ್ಕು ಸಾಲುಗಳಿವೆ. ಒಳಗಿನ ಒಂದು ಸಾಲಿನಲ್ಲಿ ಸುಮಾರು 3,500 ಕೋಶಗಳು. ಮೆದುಳಿಗೆ ಸುದ್ದಿ ಒಯ್ಯುವ ತಂತುಗಳಲ್ಲಿ ಬಹುಪಾಲು ಹೊರಡುವುದು ಇಲ್ಲಿಂದಲೇ. ಹೊರಗಿನ ಮೂರು ಸಾಲುಗಳಲ್ಲಿ ಸುಮಾರು 12,000 ಇವೆ. ಇವು ಸುದ್ದಿ ಕಳಿಸುವುದು ಅತ್ಯಲ್ಪ. ಸದ್ದು ಬಂದಾಗ ಇವು ತಾವೇ ಉದ್ದ ಗಿಡ್ಡವಾಗುತ್ತ ಕುಣಿಯುತ್ತವೆ, ಕ್ಷೀಣವಾದ ಕಂಪನಕ್ಕೆ ತಮ್ಮ ಬಲ ಸೇರಿಸಿ ಹಿಗ್ಗಿಸುತ್ತವೆ. ಮೆದುಳಿನಿಂದ ಇವುಗಳಿಗೆ ನರಗಳು ಇಳಿದು ಬರುತ್ತವೆ, ಆ ಕುಣಿತವನ್ನು ತಗ್ಗಿಸಲೂ ಬಲ್ಲವು. ಸಂಖ್ಯೆಯಲ್ಲಿ ಹೆಚ್ಚಿರುವುದು ಕೇಳುವ ಕೋಶಗಳಲ್ಲ, ದುಡಿಯುವ ಕೋಶಗಳು! ಈ ಸಾಲುಗಳು ಸತ್ತರೆ ಕಿವಿ ಮಂದವಾಗುತ್ತದೆ.

ಈ ದುಡಿಮೆಯ ಸದ್ದನ್ನೇ ಹಿಡಿದು ಇಂದು ಹಸುಗೂಸುಗಳ ಶ್ರವಣ ಪರೀಕ್ಷೆ ನಡೆಯುತ್ತದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಇಂಥ ತಪಾಸಣೆ ನಡೆಸುತ್ತದೆ. ಹಾಲು ಕುಡಿದು ಮಲಗಿದ ಮಗುವಿನ ಕಿವಿಗೆ ಮೆತ್ತನೆಯ ತುದಿಯ ಪ್ರೋಬ್ ಇಟ್ಟು ಸದ್ದು ಬಿಡುತ್ತಾರೆ. ಮಗು ಕಣ್ಣು ಬಿಡಬೇಕಿಲ್ಲ, ತಲೆ ತಿರುಗಿಸಬೇಕಿಲ್ಲ. ಕಿವಿಯೊಳಗಿಂದ ಮರುಸದ್ದು ಬಂದರೆ ಯಂತ್ರ ‘ಪಾಸ್’ ಎನ್ನುತ್ತದೆ, ಬಾರದಿದ್ದರೆ ‘ರೆಫರ್’. ನಿದ್ದೆಯಲ್ಲೂ ಕಿವಿ ಕೆಲಸ ಮಾಡುತ್ತಿದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕೆ?

ಮೂಗು, ನಾಲಗೆಯ ಮಾತನ್ನು ಹೆಚ್ಚು ಬೆಳೆಸುವುದಿಲ್ಲ. ಉಸಿರೆಳೆಯದೆ ವಾಸನೆಯಿಲ್ಲ, ಜಗಿಯದೆ ರುಚಿ ಬಿಡುವುದಿಲ್ಲ. ನೆಗಡಿಯಾದಾಗ ಸಾರು ಸಪ್ಪೆಯಾಗುವುದು ಗಂಟಲ ಹಿಂದಿನಿಂದ ಮೂಗಿಗೆ ಏರುವ ಗಾಳಿಯ ದಾರಿ ಕಟ್ಟಿಹೋಗುವುದರಿಂದ.

ಈ ಪ್ರಶ್ನೆ ನಮ್ಮ ದಾರ್ಶನಿಕರಿಗೆ ಹೊಸದಲ್ಲ. ಕಣ್ಣಿನ ತೇಜಸ್ಸು ಹೊರಟುಹೋಗಿ ವಸ್ತುವನ್ನು ಮುಟ್ಟಿದಾಗಲೇ ನೋಟ ಎಂದು ನೈಯಾಯಿಕರು ಹಟ ಹಿಡಿದರು. ಬೌದ್ಧರು, ಜೈನರು ಇದನ್ನು ಒಪ್ಪಲಿಲ್ಲ. ಕಣ್ಣು ಹೋಗಿ ಮುಟ್ಟುವುದಾದರೆ ಹತ್ತಿರದ ಕೊಂಬೆಯೂ ದೂರದ ಚಂದ್ರನೂ ಒಟ್ಟಿಗೇ ಕಾಣುವುದು ಹೇಗೆ ಎಂಬ ಆಕ್ಷೇಪ ಬಹಳ ಹಳೆಯದು, ಬಹಳ ಚೂಪಾದದ್ದು. ಬೆಳಕಿನ ಲೆಕ್ಕದಲ್ಲಿ ಗೆದ್ದವರು ಆಕ್ಷೇಪಿಸಿದವರೇ. 11ನೇ ಶತಮಾನದಲ್ಲಿ ಇಬ್ನ್ ಅಲ್-ಹೈಥಮ್ ಬೆಳಕು ವಸ್ತುವಿನಿಂದ ಕಣ್ಣಿಗೆ ಬರುತ್ತದೆ ಎಂದು ವಾದಿಸಿದರು. 1604ರಲ್ಲಿ ಕೆಪ್ಲರ್ ಅಕ್ಷಿಪಟಲದ ಮೇಲೆ ಬಿಂಬ ಮೂಡುವ ಬಗೆಯನ್ನು ವಿವರಿಸಿದರು. ಹಿಂದಿನವರಿಗೆ ಎಲ್ಲವೂ ಮೊದಲೇ ಗೊತ್ತಿತ್ತು ಎನ್ನುವ ಗುಂಪಿಗೆ ನಾನು ಸೇರಿದವನಲ್ಲ, ನೈಯಾಯಿಕರ ಕಿರಣ ಇಲ್ಲವೇ ಇಲ್ಲ. ಆದರೆ ಇಂದ್ರಿಯ ತಾನಾಗಿ ಏನನ್ನೂ ಮಾಡದೆ ವಿಷಯ ಅದಕ್ಕೆ ದಕ್ಕದು ಎಂಬ ಅವರ ಒಳತುಡಿತವನ್ನು ಕಿರಣದ ಜೊತೆಗೇ ಎಸೆದದ್ದು ನಷ್ಟ.

ಇಲ್ಲಿ ಇನ್ನೊಂದು ಕಡೆಯಿಂದ ಆಕ್ಷೇಪ ಬರುತ್ತದೆ. ಇಂದ್ರಿಯ ಇಷ್ಟೆಲ್ಲ ಮಾಡುವುದಾದರೆ, ಕಾಣುವ ಜಗತ್ತೇ ಮೆದುಳು ಕಟ್ಟಿದ ಕಲ್ಪನೆ ಎಂದೇಕೆ ಹೇಳಬಾರದು? ಹಾಗೆ ಹೇಳುವವರು ಇಂದು ಕಡಿಮೆಯಿಲ್ಲ. ನನಗೆ ಇದು ಅವಸರದ ತೀರ್ಮಾನ ಎನಿಸುತ್ತದೆ. ಕೆಲಸಕ್ಕೆ ಎದುರಿಗೊಂದು ವಸ್ತು ಬೇಕು, ಮಾಡಿದ್ದು ತಪ್ಪಾದರೆ ಅದು ತಡೆಯಬೇಕು. 1963ರಲ್ಲಿ ರಿಚರ್ಡ್ ಹೆಲ್ಡ್ ಮತ್ತು ಅಲನ್ ಹೈನ್ ಕತ್ತಲಲ್ಲಿ ಬೆಳೆಸಿದ ಬೆಕ್ಕಿನ ಮರಿಗಳನ್ನು ಜೋಡಿಯಾಗಿ ಒಂದು ತಿರುಗಣೆಗೆ ಕಟ್ಟಿದರು. ಒಂದು ಮರಿ ತಾನೇ ನಡೆಯಿತು. ಅದು ನಡೆದಂತೆಲ್ಲ ಇನ್ನೊಂದು ತೊಟ್ಟಿಲಲ್ಲಿ ಕೂತು ಸಾಗಿತು. ಎರಡರ ಕಣ್ಣಿಗೂ ಬಿದ್ದದ್ದು ಹೆಚ್ಚುಕಡಿಮೆ ಒಂದೇ ನೋಟ. ನಡೆದ ಮರಿ ನೋಡಿ ಹೆಜ್ಜೆಯಿಡಲು ಕಲಿಯಿತು. ಕೂತು ಸಾಗಿದ ಮರಿ ಮುಖದ ಹತ್ತಿರ ಏನಾದರೂ ಬಂದರೆ ಕಣ್ಣು ಮಿಟುಕಿಸಲಿಲ್ಲ, ಎದುರಿಗೆ ಮೇಜಿನ ಅಂಚು ಬಂದರೂ ಪಂಜ ಚಾಚಲಿಲ್ಲ. ಬೆಳಕಿನಲ್ಲಿ ಸ್ವತಂತ್ರವಾಗಿ ಓಡಾಡಲು ಬಿಟ್ಟ ಮೇಲೆ ಅದೂ ಸುಧಾರಿಸಿತು. ಒಳಗೇ ಕಟ್ಟಿಕೊಳ್ಳುವ ಕಲ್ಪನೆಯಷ್ಟೇ ಸಾಕಾಗುವಂತಿದ್ದರೆ ತೊಟ್ಟಿಲಿನ ಮರಿಗೆ ಯಾವ ಕೊರತೆಯೂ ಆಗಬೇಕಿರಲಿಲ್ಲ.

ಅದೇ ಹೆಲ್ಡ್ ಸುಮಾರು ಐವತ್ತು ವರ್ಷಗಳ ನಂತರ, 2011ರಲ್ಲಿ, ಪವನ್ ಸಿನ್ಹಾ ಅವರ ‘ಪ್ರಾಜೆಕ್ಟ್ ಪ್ರಕಾಶ್’ ತಂಡದೊಂದಿಗೆ ಒಂದು ಪ್ರಬಂಧ ಪ್ರಕಟಿಸಿದರು. ಹುಟ್ಟಿನಿಂದಲೇ ಕುರುಡಾಗಿದ್ದು ಆಪರೇಷನ್ನಿನಿಂದ ನೋಟ ಪಡೆದ ಉತ್ತರ ಭಾರತದ ಐವರು ಮಕ್ಕಳ ಅಧ್ಯಯನ ಅದು. ವಯಸ್ಸು 8ರಿಂದ 17. 1688ರಲ್ಲಿ ಡಬ್ಲಿನ್ನಿನ ವಿಲಿಯಂ ಮೋಲಿನೋ ದಾರ್ಶನಿಕ ಲಾಕ್‌ಗೆ ಬರೆದು ಕೇಳಿದ್ದ ಪ್ರಶ್ನೆಯನ್ನೇ ಇವರು ಪರೀಕ್ಷೆಗೆ ಇಟ್ಟರು: ಮುಟ್ಟಿ ಗೊತ್ತಿರುವ ಆಕಾರವನ್ನು ಹೊಸದಾಗಿ ದೃಷ್ಟಿ ಬಂದವನು ನೋಡಿದೊಡನೆ ಗುರುತಿಸುವನೇ? ಆಟದ ತುಂಡೊಂದನ್ನು ಕೈಗೆ ಕೊಟ್ಟು, ಆಮೇಲೆ ಎರಡನ್ನು ಕಣ್ಣಿಗೆ ತೋರಿಸಿದಾಗ ಮಕ್ಕಳ ಉತ್ತರ ಬರೀ ಊಹೆಗಿಂತ ಹೆಚ್ಚೇನೂ ಮೇಲಿರಲಿಲ್ಲ. ಯಾವ ತರಬೇತಿಯೂ ಇಲ್ಲದೆ, ಕೆಲವೇ ದಿನ ನೋಡುತ್ತ ಮುಟ್ಟುತ್ತ ಓಡಾಡಿದ ಮೇಲೆ, ಮತ್ತೆ ಪರೀಕ್ಷೆಗೆ ಸಿಕ್ಕ ಮಕ್ಕಳು ಬಹಳಷ್ಟು ಸರಿಯಾಗಿ ಗುರುತಿಸಿದರು.

ಎಳವೆಯ ಮೊದಲ ವರ್ಷಗಳು ಕಳೆದರೆ ದೃಷ್ಟಿ ಕಲಿಯುವ ಕಾಲವೇ ಮುಗಿಯಿತು ಎಂಬ ನಂಬಿಕೆ ವೈದ್ಯರಲ್ಲಿ ಬಹುಕಾಲ ಇತ್ತು. ಪ್ರಕಾಶ್‌ನ ಮಕ್ಕಳ ನೋಟದ ಚುರುಕು ಕಡಿಮೆಯೇ ಉಳಿಯಿತು ನಿಜ, ಆದರೂ ಹದಿಹರೆಯದವರೂ ಬದುಕಿಗೆ ಬೇಕಾದಷ್ಟನ್ನು ಕಲಿತರು. ಹನ್ನೆರಡು ವರ್ಷದ ಹುಡುಗಿಯನ್ನು ‘ಇನ್ನು ಪ್ರಯೋಜನವಿಲ್ಲ’ ಎಂದು ವಾಪಸು ಕಳಿಸುವುದು ಆದ್ದರಿಂದ ತಪ್ಪು. ಪೊರೆ ತೆಗೆದು, ಹನಿ ಔಷಧಿಯ ಚೀಟಿ ಕೊಟ್ಟು, ಬಸ್ಸು ಹತ್ತಿಸಿದರೆ ಮುಗಿಯಿತು ಎನ್ನುವುದೂ ತಪ್ಪೇ. ಅವಳಿಗೆ ಓಡಾಡಲು ಜಾಗ, ಎತ್ತಿಡಲು ಸಾಮಾನು, ಜೊತೆಗೆ ಆಡುವ ಮಕ್ಕಳು, ಸೇರಿಸಿಕೊಳ್ಳುವ ಒಂದು ಶಾಲೆ ಬೇಕು. ಆ ತಿಂಗಳುಗಳ ಖರ್ಚನ್ನೂ ಸರ್ಕಾರ ಚಿಕಿತ್ಸೆಯ ಲೆಕ್ಕಕ್ಕೇ ಹಾಕಬೇಕು.